ರೊಪ್ಪದ ಮೇಡಂ

ಅವರು ಯಾರ ಕೀಬೋರ್ಡನ್ನೂ ಮುಟ್ಟುತ್ತಿರಲಿಲ್ಲ. ಅಷ್ಟು ವರ್ಷ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡ ಹೆಂಗಸಿಗೆ ಇದೆಂಥ ಮಡಿ ಎಂದು ನಾನು ಮೊದಮೊದಲು ನಕ್ಕಿದ್ದೂ ಉಂಟು. ‘ಮೇಡಂ, ಬರ್ತಾ ಇಲ್ಲ’ ಎಂದು ಯಾರಾದರೂ ಕೂಗಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಎರಡೂ ಕೈ ಹಿಂದೆ ಕಟ್ಟಿ, ಆ ಹುಡುಗನ ಬೆನ್ನ ಹಿಂದೆ ನಿಲ್ಲುವರು.

‘ಓದು’ ಅನ್ನುವರು.

‘ಏನ್ ಓದ್ಲಿ ಮೇಡಂ?’

‘ಕೆಂಪಗೆ ಬರ್ದೈತಲ್ಲ, ಅದನ್ನ. ಬೈತೈತೆ ಅಂತ ಕಣ್ಣು ಮುಚ್ಕಂಡ್ರೆ ಹೆಂಗೆ? ಏನಂತ ಬೈತೈತೆ, ಓದು.’

ಹುಡುಗ ಓದುತ್ತಿದ್ದ. ಓದುವಷ್ಟರಲ್ಲಿ ಅರ್ಧ ಅರ್ಥವಾಗಿರುತ್ತಿತ್ತು. ಉಳಿದರ್ಧಕ್ಕೆ ಇನ್ನೊಂದು ಪ್ರಶ್ನೆ. ಉತ್ತರ ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ. ನಾನೊಮ್ಮೆ ತಾಳ್ಮೆಗೆಟ್ಟು, ‘ಒಂದು ಸಾಲು ಟೈಪ್ ಮಾಡಿಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?’ ಎಂದೆ. ‘ನನ್ ಕೈ ಮುಟ್ಟಿದ್ರೆ ಅದು ನಂದಾಗುತ್ತೆ, ಮೇಡಂ. ಆಮೇಲೆ ಕೆಟ್ರೂ ನಂದೇ, ಒಳ್ಳೇದಾದ್ರೂ ನಂದೇ. ಅವನಿಗೇನು ಉಳೀತು?’ ಎಂದರು. ನನಗೆ ಸಿಟ್ಟು ಬಂತು.

ಹೋದ ತಿಂಗಳು ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ನಮ್ಮ ಹಳೆಯ ವಿದ್ಯಾರ್ಥಿನಿ ನಾಗವೇಣಿ ಸಿಕ್ಕಳು. ಹೊಸದುರ್ಗದ ಬಸ್ಸು ಹೊರಟಿತ್ತು, ಒಂದು ಕಾಲು ಮೆಟ್ಟಿಲ ಮೇಲಿಟ್ಟುಕೊಂಡೇ, ‘ರೊಪ್ಪದ ಮೇಡಂ ಹೋಗ್ಬಿಟ್ರಂತೆ, ಗೊತ್ತಾಯ್ತಾ ಮೇಡಂ? ಮೊನ್ನೆ ಸೋಮವಾರ. ಹಾರ್ಟು’ ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಸಂಬಂಧವನ್ನು ನಾನು ಉಳಿಸಿಕೊಂಡಿರಲಿಲ್ಲ. ಬಸ್ಸು ಹೋಯಿತು. ನಾನು ಹೊಳಲ್ಕೆರೆ ಬಸ್ಸು ಹತ್ತಬೇಕಾದವಳು ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತೆ, ಎರಡು ಬಸ್ಸು ಹೋಗುವವರೆಗೆ.

ಅವರ ಹೆಸರು ಇಲ್ಲಿ ಬೇಡ. ಕಾಲೇಜಿನ ಹೆಸರೂ ಬೇಡ. ನಮ್ಮ ಜಿಲ್ಲೆಯ ಒಂದು ಸಣ್ಣ ಖಾಸಗಿ ಕಾಲೇಜು ಅಂದುಕೊಳ್ಳಿ. ಏಳು ವರ್ಷದ ಹಿಂದೆ ನಾನು ಅಲ್ಲಿಗೆ ಹೊಸದಾಗಿ ಲೆಕ್ಚರರ್ ಆಗಿ ಸೇರಿದೆ. ಅವರು ಲ್ಯಾಬ್ ಇನ್‌ಸ್ಟ್ರಕ್ಟರ್. ಹುದ್ದೆಯಲ್ಲಿ ನನಗಿಂತ ಕೆಳಗೆ, ವಯಸ್ಸಿನಲ್ಲಿ ನನ್ನ ತಾಯಿಯ ಸಮ. ಓದಿದ್ದು ಡಿಪ್ಲೊಮಾ. ನನ್ನದು ಎಂ.ಟೆಕ್., ಆಗಷ್ಟೇ ಮುಗಿಸಿದ್ದು, ಅದರ ಜಂಬ ಇನ್ನೂ ಬಿಸಿಬಿಸಿಯಾಗಿತ್ತು. ಅವರದು ಗುತ್ತಿಗೆ ನೌಕರಿ. ಪ್ರತಿ ವರ್ಷ ಜೂನಿನಲ್ಲಿ ಆಡಳಿತ ಮಂಡಳಿ ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು. ಹಾಗೇ ಹದಿನೆಂಟು ಸಹಿ ಆಗಿದ್ದವಂತೆ.

‘ರೊಪ್ಪ’ ಅವರ ಮಾತು. ಹಿರಿಯೂರು ಕಡೆಯ ಕುರಿಗಾಹಿಗಳ ಮನೆಯವರು ಅವರು. ಕುರಿಗಳನ್ನು ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ಅಲ್ಲಿ ರೊಪ್ಪ ಅನ್ನುತ್ತಾರೆ. ಲ್ಯಾಬಿನಲ್ಲಿ ಅವರು ರೊಪ್ಪ ಅನ್ನುತ್ತಿದ್ದುದಕ್ಕೆ ಕಂಪ್ಯೂಟರಿನ ಪುಸ್ತಕದಲ್ಲಿ ‘ವರ್ಚುಯಲ್ ಎನ್ವಿರಾನ್‌ಮೆಂಟ್’ ಎಂಬ ಭಾರದ ಹೆಸರಿದೆ. ವಿಷಯ ಮಾತ್ರ ಸರಳ. ಒಂದು ಪ್ರಾಜೆಕ್ಟ್ ಮಾಡಬೇಕಾದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳು, ಅಂದರೆ ಲೈಬ್ರರಿಗಳು ಬೇಕು. ಒಬ್ಬನ ಪ್ರಾಜೆಕ್ಟಿಗೆ ಒಂದು ಲೈಬ್ರರಿಯ ಹಳೆಯ ವರ್ಷನ್ ಬೇಕಿರುತ್ತದೆ, ಇನ್ನೊಬ್ಬಳಿಗೆ ಅದರದೇ ಹೊಸದು. ಎರಡನ್ನೂ ಕಂಪ್ಯೂಟರಿನ ಸಾಮಾನ್ಯ ಜಾಗದಲ್ಲಿ ಹಾಕಲು ಹೋದರೆ ಒಂದು ಬಂದು ಇನ್ನೊಂದನ್ನು ತಿನ್ನುತ್ತದೆ. ಅದಕ್ಕೇ ಪ್ರತಿ ಪ್ರಾಜೆಕ್ಟಿಗೂ ಒಂದು ಪ್ರತ್ಯೇಕ ಫೋಲ್ಡರು, ಅದರೊಳಗೆ ಅದರದೇ ಲೈಬ್ರರಿಗಳು. ಒಳಗಿನ ಗಲಾಟೆ ಹೊರಗೆ ಬರಬಾರದು, ಹೊರಗಿನದು ಒಳಗೆ ಹೋಗಬಾರದು.

‘ನಮ್ಮಪ್ಪ ಒಂದ್ಸಲ ಸಂತೆಯಿಂದ ಎಲ್ಡು ಕುರಿ ತಂದು ಸೀದಾ ಹಿಂಡಿಗೆ ಬಿಟ್ಟ’ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುವರು. ‘ಹೊಸ ಕುರೀನ ಹದಿನೈದು ದಿನ ಬ್ಯಾರೆ ರೊಪ್ಪದಾಗೆ ಇಡ್ಬೇಕು, ಅದು ಪದ್ಧತಿ. ನಮ್ಮಪ್ಪಂಗೆ ಅವತ್ತು ಸೋಮಾರಿತನ. ತಿಂಗ್ಳೊಪ್ಪತ್ನಾಗೆ ಹಿಂಡೆಲ್ಲ ಕೆಮ್ಮಿ ಕೆಮ್ಮಿ ಬಿತ್ತು. ನಮ್ಮವ್ವ ಮೂರು ದಿನ ಒಲೆ ಹಚ್ಲಿಲ್ಲ.’ ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ, ‘ಕಟ್ರಿ ನಿಮ್ ನಿಮ್ ರೊಪ್ಪ’ ಅನ್ನುವರು. ಹುಡುಗರು ನಗುತ್ತಿದ್ದರು. ಆದರೆ ಮೂರು ವರ್ಷ ಮುಗಿಸಿ ಹೋಗುವಾಗ ಎಲ್ಲರ ಬಾಯಲ್ಲೂ ರೊಪ್ಪವೇ. ಸಂದರ್ಶನಕ್ಕೆ ಹೋದ ಒಬ್ಬ ಅಲ್ಲೂ ಹಾಗೇ ಅಂದುಬಿಟ್ಟು ಪೆಚ್ಚಾಗಿ ಬಂದನಂತೆ.

ಅವರ ಇನ್ನೊಂದು ಕಾಟ, ಪಟ್ಟಿ. ರೊಪ್ಪದೊಳಗೆ ಏನೇನು ಹಾಕಿದ್ದೀರಿ, ಯಾವ ವರ್ಷನ್ನು, ಎಲ್ಲ ರೆಕಾರ್ಡ್ ಬುಕ್ಕಿನ ಕೊನೆಯ ಪುಟದಲ್ಲಿ ಕೈಯಾರೆ ಬರೆಯಬೇಕು. ಕಂಪ್ಯೂಟರೇ ಆ ಪಟ್ಟಿ ತೆಗೆದುಕೊಡುತ್ತದೆ, ಪ್ರಿಂಟ್ ಹಾಕಿ ಅಂಟಿಸಿದರಾಗದೇ? ಆಗದು. ‘ಪ್ರಿಂಟ್ ತೆಗ್ದಿದ್ದು ಪ್ರಿಂಟರಿಗೆ ಗೊತ್ತಿರುತ್ತೆ, ನಿಂಗಲ್ಲ.’ ಬರೆದರೆ ಮುಗಿಯಿತೇ? ಇಲ್ಲ. ಎರಡನೇ ತಿಂಗಳ ಯಾವುದೋ ಒಂದು ಶನಿವಾರ, ಹೇಳದೆ ಕೇಳದೆ, ‘ಎಲ್ರೂ ನಿಮ್ ರೊಪ್ಪ ಕಿತ್ತಾಕ್ರಿ. ಪಟ್ಟಿ ನೋಡ್ಕಂಡು ತಿರುಗಿ ಕಟ್ರಿ’ ಅನ್ನುವರು. ಅಬ್ಬಬ್ಬ, ಆ ಶನಿವಾರದ ಗೋಳು! ಹುಡುಗಿಯರು ಅತ್ತದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಕರುಣೆ ಇರಲಿಲ್ಲವೋ ಏನೋ, ಕೈ ಹಿಂದೆ ಕಟ್ಟಿಕೊಂಡು ಸಾಲುಸಾಲಿನ ನಡುವೆ ತಿರುಗುತ್ತಿದ್ದರು.

ಅವರು ಸುಲಭದ ಹೆಂಗಸಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರೂ ಜೇನಾಗಿಬಿಡುತ್ತಾರೆ. ಇವರು ಮೊಂಡರು, ಬಾಯಿ ಬಿಗಿ, ಯಾರ ಮುಖ ಮೋರೆ ನೋಡುವವರಲ್ಲ. ನಾನು ಸೇರಿದ ಎರಡನೇ ವಾರ ನಲವತ್ತು ಹುಡುಗರೆದುರು ಪಾಠ ಮಾಡುತ್ತಾ ಒಂದು ಲೈಬ್ರರಿ ಹಾಕಲು ಹೋದೆ. ನೇರ ಸಾಮಾನ್ಯ ಜಾಗಕ್ಕೇ. ಕಂಪ್ಯೂಟರು ಅಡ್ಮಿನ್ ಪಾಸ್‌ವರ್ಡ್ ಕೇಳಿತು. ನಾನು ತಿರುಗಿ, ‘ಪಾಸ್‌ವರ್ಡ್ ಏನು ಮೇಡಂ?’ ಎಂದೆ.

‘ಪಾಸ್‌ವರ್ಡ್ ಯಾಕ್ರಿ ಬೇಕು? ಮೊದ್ಲು ರೊಪ್ಪ ಕಟ್ಕಳ್ರಿ. ಅದ್ರಾಗೆ ಏನ್ ಬೇಕಾದ್ರೂ ಹಾಕ್ಕಳ್ರಿ, ಯಾರೂ ಕೇಳಲ್ಲ’ ಎಂದರು, ಮೂಲೆಯಿಂದ, ಜೋರಾಗಿ. ಇಡೀ ಲ್ಯಾಬು ಘೊಳ್ಳೆಂದಿತು. ನನ್ನ ಕಿವಿ ಕಾದವು. ಅವರು ನಗಲಿಲ್ಲ, ಅವಮಾನ ಮಾಡಬೇಕೆಂದೂ ಅಂದಿರಲಿಲ್ಲ. ನನಗೆ ಮಾತ್ರ ಅದು ಹೊಟ್ಟೆಯೊಳಗೆ ಹಾಗೇ ಕೂತುಬಿಟ್ಟಿತು.

ಪ್ರಿನ್ಸಿಪಾಲರ ಬಳಿ ಹೋದೆ. ‘ಲ್ಯಾಬ್ ಬಳಸೋ ಲೆಕ್ಚರರ್‌ಗೇ ಪಾಸ್‌ವರ್ಡ್ ಇಲ್ಲ ಅಂದ್ರೆ ಹೇಗೆ ಸರ್?’ ಎಂದು ಹಟ ಹಿಡಿದೆ. ಅವರು ರೊಪ್ಪದ ಮೇಡಂ ಅವರನ್ನು ಕರೆಸಿ ಕೊಡಿಸಿದರು. ಮೇಡಂ ಅದನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟು, ‘ತಗಳ್ರಿ. ಏನಾದ್ರೂ ತೆಗೆಯೋ ಮುಂಚೆ ಒಂದ್ಮಾತು ಕೇಳ್ರಿ’ ಎಂದಷ್ಟೇ ಹೇಳಿ ಹೋದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕಥೆಯೂ ಅದೇ.

ಈಗ ನಾಗವೇಣಿಯ ವಿಷಯ ಹೇಳಬೇಕು. ಹೊಸದುರ್ಗದ ಹತ್ತಿರದ ಹಳ್ಳಿಯವಳು. ಬಿ.ಸಿ.ಎ. ಎಲ್ಲ ಪಾಸಾಗಿ ಕೊನೆಯ ಪ್ರಾಜೆಕ್ಟಿನ ಪರೀಕ್ಷೆಯೊಂದು ಉಳಿದಿತ್ತು. ಆ ವರ್ಷ ಪರೀಕ್ಷೆಯ ವಾರವೇ ಹೆರಿಗೆ. ಮರುವರ್ಷ ಮಗುವಿಗೆ ಜ್ವರ. ಅದರ ಮರುವರ್ಷ ಅತ್ತೆಮನೆಯವರು ಕಳಿಸಲಿಲ್ಲ. ವಿಶ್ವವಿದ್ಯಾಲಯದ ನಿಯಮದಂತೆ ಕೋರ್ಸ್ ಮುಗಿಸಲು ಒಂದು ಗಡುವು ಇರುತ್ತದೆ. ನಾನು ಸೇರಿದ ವರ್ಷದ ಪರೀಕ್ಷೆಯೇ ಅವಳ ಕೊನೆಯ ಅವಕಾಶ. ತಪ್ಪಿದರೆ ಅಷ್ಟೂ ವರ್ಷದ ಓದು ನೀರಿಗೆ. ಡಿಗ್ರಿ ಇಲ್ಲ, ಆ ಡಿಗ್ರಿ ನಂಬಿಕೊಂಡು ಅರ್ಜಿ ಹಾಕಿದ್ದ ಗ್ರಾಮ ಪಂಚಾಯಿತಿಯ ಕೆಲಸವೂ ಇಲ್ಲ.

ಅವಳ ಪ್ರಾಜೆಕ್ಟು, ದಾಳಿಂಬೆ ಎಲೆಯ ಫೋಟೋ ನೋಡಿ ಚುಕ್ಕಿ ರೋಗ ಇದೆಯೋ ಇಲ್ಲವೋ ಹೇಳುವುದು. ಅಣ್ಣನ ತೋಟದಲ್ಲಿ ಅವಳೇ ತೆಗೆದ ಫೋಟೋಗಳು. ಪ್ರೋಗ್ರಾಮು, ಫೋಟೋ ಎಲ್ಲ ಅವಳ ಪೆನ್‌ಡ್ರೈವಿನಲ್ಲಿತ್ತು. ಆದರೆ ಅದು ಓಡಲು ಬೇಕಾದ ಹಳೆಯ ಲೈಬ್ರರಿಗಳ ರೊಪ್ಪ ನಮ್ಮ ಲ್ಯಾಬಿನ ಮೂರನೇ ಕಂಪ್ಯೂಟರಿನಲ್ಲಿತ್ತು. ಈ ನಡುವೆ ಲ್ಯಾಬಿನಲ್ಲಿ ಎಲ್ಲವೂ ಹೊಸದಾಗಿತ್ತು. ಆ ಒಂದು ಫೋಲ್ಡರನ್ನೂ, ಅದಕ್ಕೆ ಬೇಕಾದ ಪೈಥಾನ್ ಭಾಷೆಯ ಹಳೆಯ ವರ್ಷನ್ನನ್ನೂ ರೊಪ್ಪದ ಮೇಡಂ ಮೂರು ವರ್ಷ ಹಾಗೇ ಕಾಪಾಡಿಕೊಂಡು ಬಂದಿದ್ದರು. ಆ ಹುಡುಗಿ ಬಂದೇ ಬರುತ್ತಾಳೆ ಎಂದು ಅವರಿಗೆ ಯಾರು ಹೇಳಿದ್ದರೋ ಕಾಣೆ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ನಿಜ, ಕೇಳಲಿಲ್ಲ ಅನ್ನುವುದು ಇನ್ನೂ ದೊಡ್ಡ ನಿಜ. ಪರೀಕ್ಷೆಯ ಹಿಂದಿನ ದಿನ ಲ್ಯಾಬ್ ಸಿದ್ಧ ಮಾಡುವಾಗ ಮೂರನೇ ಕಂಪ್ಯೂಟರಿನ ಡಿಸ್ಕ್ ತುಂಬಿ ಕೆಂಪಾಗಿತ್ತು. ಅವರು ಹಾಲ್ ಟಿಕೆಟ್ ಕೆಲಸಕ್ಕೆ ಆಫೀಸಿಗೆ ಹೋಗಿದ್ದರು. ನಾನು ನೋಡಿದೆ: ಯಾವುದೋ ರೋಲ್ ನಂಬರಿನ ಫೋಲ್ಡರು, ಮೂರು ವರ್ಷ ಹಳೇದು, ಗುಡಾಣದಂಥ ಗಾತ್ರ. ಜೊತೆಗೊಂದು ಓಬೀರಾಯನ ಕಾಲದ ಪೈಥಾನು. ಪಾಸ್‌ವರ್ಡ್ ಹೊಡೆದೆ. ಎರಡನ್ನೂ ತೆಗೆದೆ. ಡಿಸ್ಕ್ ಹಸಿರಾಯಿತು. ಎಂಥ ಸಮಾಧಾನ! ಹುಡುಗರೆದುರು ನಗೆಗೀಡಾದ ನೋವು ಅವತ್ತು ಸ್ವಲ್ಪ ತಣ್ಣಗಾಯಿತು ಅಂದರೆ ಸುಳ್ಳಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾಗವೇಣಿ ಬಂದಳು. ಅಣ್ಣ ಬೈಕಿನಲ್ಲಿ ಬಿಟ್ಟು ಹೋಗಿದ್ದ. ಹೊರಗಿನ ಪರೀಕ್ಷಕರು ಹನ್ನೊಂದಕ್ಕೆ ಬರುವವರಿದ್ದರು, ಮೊದಲ ನಂಬರ್ ಇವಳದೇ. ಅವಳು ಕಾರಿಡಾರಿನ ಬೆಂಚಿನ ಮೇಲೆ ರೆಕಾರ್ಡ್ ಬುಕ್ ತಿರುವುತ್ತಾ ಕೂತಿದ್ದಳು. ರೊಪ್ಪದ ಮೇಡಂ ಎಲ್ಲ ಸರಿ ಇದೆಯೇ ನೋಡಲು ಮೂರನೇ ಕಂಪ್ಯೂಟರ್ ಹಾಕಿದರು. ನಾನು ಪಕ್ಕದಲ್ಲಿ ಪ್ರಶ್ನೆಪತ್ರಿಕೆ ಜೋಡಿಸುತ್ತಿದ್ದೆ.

ಜೋಡಿಸಿದ್ದನ್ನು ಬದಿಗಿಟ್ಟು ತಲೆ ಎತ್ತಿದೆ. ಅವರು ಪರದೆಯನ್ನೇ ನೋಡುತ್ತಿದ್ದರು, ಮುಖ ಬೂದಿಯಾಗಿತ್ತು.

‘ನಾಗವೇಣಿ ರೊಪ್ಪ ಎಲ್ಲಿ?’ ಎಂದರು.

ಒಂದೇ ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು. ‘ಅದು... ಹಳೇದಲ್ವಾ ಮೇಡಂ... ಡಿಸ್ಕ್ ತುಂಬಿತ್ತು...’

‘ನೀವು ತೆಗೆದ್ರಾ?’

‘ಹೂಂ.’

‘ಪೈಥಾನೂ?’

‘ಹೂಂ.’

ಅವರು ಬೈಯಲಿಲ್ಲ. ಬೀರುವಿನ ಬೀಗ ತೆಗೆದು ಒಂದು ಹಳೆಯ ಹಾರ್ಡ್ ಡಿಸ್ಕ್ ತಂದು ಮೇಜಿನ ಮೇಲಿಟ್ಟರು. ಲ್ಯಾಬಿನ ಇಂಟರ್‌ನೆಟ್ ನಂಬುವಂಥದ್ದಲ್ಲ ಎಂದು ಹಳೆಯ ಪೈಥಾನು, ಲೈಬ್ರರಿಗಳ ಹಳೆಯ ವರ್ಷನ್ನುಗಳನ್ನೆಲ್ಲ ಅದರಲ್ಲಿ ಇಳಿಸಿಟ್ಟಿದ್ದರು. ನನಗೆ ಹೋದ ಜೀವ ಬಂದಂತಾಯಿತು. ‘ಹಾಗಾದ್ರೆ ಕಟ್ಟಬಹುದಲ್ಲ! ಬೇಗ ಹಾಕಿ ಮೇಡಂ, ಮುಕ್ಕಾಲು ಗಂಟೆ ಇದೆ. ಅವಳಿಗೆ ಗೊತ್ತೂ ಆಗಲ್ಲ’ ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

‘ಮೊದ್ಲು ಹೋಗಿ ಅವಳಿಗೆ ಹೇಳ್ರಿ. ಆಮ್ಯಾಲೆ ಕಟ್ಟಾಣ.’

‘ಏನ್ ಹೇಳೋದು?’

‘ಏನಾಗೈತೋ ಅದು. ನಾನು ತೆಗ್ದೆ ಅಂತ.’

‘ಮೇಡಂ, ಟೈಮಿಲ್ಲ! ಅವಳು ಗಾಬರಿ ಆಗ್ತಾಳೆ. ಪರೀಕ್ಷೆ ಮುಗೀಲಿ, ಸಂಜೆ ಹೇಳ್ತೀನಿ.’

‘ಸಂಜಿಕೆ ಹೇಳಲ್ಲ ನೀವು.’

ಆ ಮಾತಿಗೆ ನನಗೆ ಎಲ್ಲಿತ್ತೋ ಸಿಟ್ಟು! ‘ನೀವು ಯಾರ್ರಿ ನನಗೆ ಹೇಳೋಕೆ? ಆ ಹುಡುಗಿ ಬಾಳು ಹಾಳಾಗ್ತಾ ಇದೆ, ನೀವಿಲ್ಲಿ ನ್ಯಾಯ ಪಂಚಾಯ್ತಿ ಮಾಡ್ತಾ ಕೂತಿದೀರ!’ ಎಂದು ಕೂಗಿದೆ. ನಾನೇ ಹಾರ್ಡ್ ಡಿಸ್ಕ್ ಎಳೆದುಕೊಂಡೆ. ತೆರೆದು ನೋಡಿದರೆ ನೂರಾರು ಫೈಲು, ಒಂದೇ ಲೈಬ್ರರಿಯ ಹತ್ತು ವರ್ಷನ್ನು. ಯಾವುದು ಬೇಕು? ಪಟ್ಟಿ ಇದ್ದದ್ದು ನಾಗವೇಣಿಯ ರೆಕಾರ್ಡ್ ಬುಕ್ಕಿನಲ್ಲಿ. ಪುಸ್ತಕ ಅವಳ ತೊಡೆಯ ಮೇಲೆ. ಅವಳನ್ನು ಕೇಳದೆ ನಾನು ಒಂದು ಸಾಲೂ ಮುಂದೆ ಹೋಗಲಾರೆ. ಹತ್ತು ಇಪ್ಪತ್ತಾಗಿತ್ತು. ಅವರು ಮಡಿಲಿಂದ ಕೈ ತೆಗೆಯಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಕಾರಿಡಾರಿಗೆ ಹೋದೆ. ನಾಗವೇಣಿ ಎದ್ದು ನಿಂತಳು. ಹೇಗೆ ಹೇಳಿದೆನೋ! ‘ನಿನ್ನ ಫೋಲ್ಡರ್ ಅಳಿಸಿಹೋಗಿದೆ’ ಎಂದು ಶುರು ಮಾಡಿದವಳು, ಅವಳ ಕಣ್ಣು ನೋಡಿ, ‘ಅಳಿಸಿದ್ದು ನಾನು. ನಿನ್ನೆ’ ಎಂದೆ.

‘ಯಾಕೆ ಮೇಡಂ?’ ಎಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

‘ಹಳೇದು ಅಂದುಕೊಂಡೆ.’

‘ನಾನೂ ಹಳೇ ಸ್ಟೂಡೆಂಟೇ ಅಲ್ವಾ ಮೇಡಂ’ ಎಂದಳು. ಕಣ್ಣೊರೆಸಿಕೊಂಡು ಪುಸ್ತಕ ತೆಗೆದುಕೊಂಡು ಒಳಗೆ ನಡೆದಳು.

ರೊಪ್ಪದ ಮೇಡಂ ಕುರ್ಚಿ ಬಿಟ್ಟುಕೊಟ್ಟು ಅವಳ ಹಿಂದೆ ನಿಂತರು, ಕೈ ಹಿಂದೆ ಕಟ್ಟಿ. ‘ಕುಂತ್ಕ. ಅಳೋದು ಆಮ್ಯಾಲೆ. ಪಟ್ಟಿ ತೆಗಿ. ಎಷ್ಟು ಸಾಲು?’

‘ಹನ್ನೊಂದು ಮೇಡಂ.’

‘ಮೊದ್ಲು ಪೈಥಾನ್ ಹಾಕು. ಆಮ್ಯಾಲೆ ರೊಪ್ಪ. ಆಮ್ಯಾಲೆ ಒಂದೊಂದೇ ಸಾಲು. ಓಡಬ್ಯಾಡ.’

ಪರೀಕ್ಷೆಯ ದಿನ ಕೂಡ ಆ ಹೆಂಗಸು ಕೀಬೋರ್ಡ್ ಮುಟ್ಟಲಿಲ್ಲ! ನನ್ನ ಬೆರಳು ತುರಿಸುತ್ತಿದ್ದವು. ನಾಗವೇಣಿಗೆ ಅಕ್ಷರ ತಪ್ಪುತ್ತಿದ್ದವು, ಅಳಿಸಿ ಮತ್ತೆ ಹೊಡೆಯುತ್ತಿದ್ದಳು. ಪೈಥಾನ್ ಕೂತಿತು. ರೊಪ್ಪ ಕಟ್ಟಿದಳು. ಒಂದು, ಎರಡು, ಮೂರು ಸಾಲು ಹೋದವು. ಆರನೆಯದು ಹಾಕುವಷ್ಟರಲ್ಲಿ ಹತ್ತೂ ಐವತ್ತು. ಹತ್ತೂ ಐವತ್ತೆರಡಕ್ಕೆ ಹೊರಗೆ ಪ್ರಿನ್ಸಿಪಾಲರ ದನಿ ಕೇಳಿಸಿತು. ಪರೀಕ್ಷಕರು ಎಂಟು ನಿಮಿಷ ಮುಂಚೆಯೇ ಬಂದಿದ್ದರು.

ಒಂಬತ್ತನೇ ಸಾಲಿಗೆ ಪರದೆ ಕೆಂಪಾಯಿತು. ಹಾಕಲು ಒಪ್ಪಲಿಲ್ಲ. ಮತ್ತೆ ಹೊಡೆದಳು, ಮತ್ತೆ ಕೆಂಪು.

‘ಇದರ ಹೊಸ ವರ್ಷನ್ ಹಾಕಿಬಿಡು, ಅದು ಕೂತ್ಕೊಳ್ಳುತ್ತೆ!’ ಎಂದೆ ನಾನು.

‘ಬ್ಯಾಡ’ ಎಂದರು ಅವರು. ‘ಹೊಸದು ಬಂದ್ರೆ ಹಿಂದಿನ ಎಂಟನ್ನೂ ಕೆಡಿಸುತ್ತೆ. ನಾಗವೇಣಿ, ಓದು. ಏನಂತ ಬೈತೈತೆ?’

ಪರೀಕ್ಷಕರು ಬಾಗಿಲಲ್ಲಿ ನಿಂತಿದ್ದರು. ದಪ್ಪ ಕನ್ನಡಕ, ಕೈಯಲ್ಲಿ ಫೈಲು. ‘ಇದೇನ್ರಿ ಇದು, ಪರೀಕ್ಷೆ ದಿನ ಇನ್‌ಸ್ಟಾಲೇಷನ್ನು?’

ನಾಗವೇಣಿ ತುಟಿ ಅಲ್ಲಾಡಿಸುತ್ತಾ ಆ ಕೆಂಪು ಸಾಲುಗಳನ್ನು ಓದುತ್ತಿದ್ದಳು. ಅವಳ ಕತ್ತಿನ ಹಿಂದೆ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಅವರಿಗೆ ಉತ್ತರ ಗೊತ್ತಿತ್ತು, ನಾನು ಬಲ್ಲೆ. ಮುಖದಲ್ಲೇ ಇತ್ತು. ಆದರೂ ಹೇಳಲಿಲ್ಲ! ಆ ಒಂದು ನಿಮಿಷ ನಾನು ಆ ಹೆಂಗಸನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

‘ಮೇಡಂ’ ಎಂದಳು ನಾಗವೇಣಿ ಕೊನೆಗೆ. ‘ಒಂಬತ್ತನೇದು ಹತ್ತನೇದ್ರ ಮೇಲೆ ನಿಂತೈತೆ. ನಾನು ಬರಿಯೋವಾಗ ಹಿಂದೆ ಮುಂದೆ ಬರ್ದೀನಿ. ಮೊದ್ಲು ಹತ್ತನೇದು ಹಾಕ್ಬೇಕು.’

‘ಹಾಕು ಮತ್ತೆ.’

ಹಾಕಿದಳು. ಕೂತಿತು. ಆಮೇಲೆ ಒಂಬತ್ತು, ಆಮೇಲೆ ಹನ್ನೊಂದು. ಪೆನ್‌ಡ್ರೈವ್ ಚುಚ್ಚಿ ಪ್ರೋಗ್ರಾಮ್ ಓಡಿಸಿದಳು. ಪರದೆ ಮೇಲೆ ಒಂದು ದಾಳಿಂಬೆ ಎಲೆ ಬಂತು, ಅದರ ಕೆಳಗೆ ‘ಚುಕ್ಕಿ ರೋಗ ಇದೆ’ ಎಂಬ ಅಕ್ಷರ. ಪರೀಕ್ಷಕರು ಹತ್ತಿರ ಬಂದು ಕೂತು ಅರ್ಧ ಗಂಟೆ ಪ್ರಶ್ನೆ ಹಾಕಿದರು. ಅವಳು ಒಂದಕ್ಕೂ ತಡವರಿಸಲಿಲ್ಲ. ಪಾಸಾದಳು. ಈಗ ಅವಳು ಪಂಚಾಯಿತಿಯಲ್ಲೇ ಕೆಲಸದಲ್ಲಿದ್ದಾಳೆ.

ಅವಳು ಪಾಸಾದಳು, ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಪರೀಕ್ಷಕರು ತಮ್ಮ ವರದಿಯಲ್ಲಿ, ‘ಲ್ಯಾಬ್ ಸಿದ್ಧವಿರಲಿಲ್ಲ, ವಿದ್ಯಾರ್ಥಿನಿಯ ಪ್ರಾಜೆಕ್ಟ್ ಅಳಿಸಿಹೋಗಿತ್ತು’ ಎಂದು ಬರೆದುಹೋಗಿದ್ದರು. ಎರಡು ವಾರದ ಮೇಲೆ ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಮಂಡಳಿಯ ಕಾರ್ಯದರ್ಶಿಯೂ ಕೂತಿದ್ದರು.

‘ಲ್ಯಾಬ್ ಜವಾಬ್ದಾರಿ ಯಾರದು?’

‘ನಂದೇ ಸರ್’ ಎಂದರು ಅವರು.

‘ಅಳಿಸಿದ್ದು ಯಾರು?’

ಅವರು ಉತ್ತರ ಹೇಳಲಿಲ್ಲ. ನನ್ನ ಕಡೆ ತಿರುಗಿದರು. ಸುಮ್ಮನೆ ನೋಡಿದರು. ಗದರಿಕೆ ಇಲ್ಲ, ಬೇಡಿಕೆ ಇಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಹುಡುಗರ ಬೆನ್ನ ಹಿಂದೆ ನಿಂತು, ಅವರೇ ಓದಲಿ ಎಂದು ಕಾಯುತ್ತಿದ್ದ ನೋಟ. ಅದು ನನ್ನ ತಪ್ಪು, ನನ್ನ ಬಾಯಿಂದಲೇ ಬರಬೇಕು. ನನ್ನ ಪರವಾಗಿ ಅವರು ಟೈಪ್ ಮಾಡುವವರಲ್ಲ.

ನನ್ನ ನೌಕರಿ ಖಾಯಂ ಆಗುವ ಆದೇಶ ಅದೇ ತಿಂಗಳು ಬರಬೇಕಿತ್ತು. ಇದನ್ನು ಕಾರಣ ಎನ್ನಿ, ನೆಪ ಎನ್ನಿ. ನಾನು ನೆಲ ನೋಡಿದೆ. ಟೇಬಲ್ಲಿನ ಕಾಲಿನ ಹತ್ತಿರ ಒಂದು ಗುಂಡುಪಿನ್ನು ಬಿದ್ದಿತ್ತು, ಅದನ್ನೇ ನೋಡಿದೆ. ಕಾರ್ಯದರ್ಶಿ ಗಂಟಲು ಸರಿ ಮಾಡಿಕೊಂಡರು. ‘ಸರಿ ಬಿಡ್ರಿ, ಗೊತ್ತಾಯ್ತು’ ಎಂದರು.

ಏನು ಗೊತ್ತಾಯ್ತು? ಏನೂ ಇಲ್ಲ. ನಾನು ಬಾಯಿ ಬಿಡಲಿಲ್ಲ, ಅವರು ಹೇಳಲಿಲ್ಲ, ಇಬ್ಬರಲ್ಲಿ ಗುತ್ತಿಗೆಯವರು ಅವರು. ಜೂನಿನಲ್ಲಿ ಹತ್ತೊಂಬತ್ತನೇ ಸಹಿ ಬೀಳಲಿಲ್ಲ.

ಕೊನೆಯ ದಿನ ಬೀರುವಿನ ಕೀಲಿ ತಂದು ನನ್ನ ಮೇಜಿನ ಮೇಲಿಟ್ಟರು. ಈಗ ಅಂದಾರು, ಈಗ ಅಂದಾರು ಎಂದು ನಾನು ಕಾದು ನಿಂತಿದ್ದೆ. ‘ಹನ್ನೆರಡನೇ ಮಿಷನ್ನು ಬಿಸಿಯಾಗ್ತೈತೆ, ಒಳಗಡೆ ಧೂಳು ತೆಗೆಸ್ರಿ. ಬರ್ತೀನಿ ಮೇಡಂ’ ಎಂದು ಹೊರಟುಹೋದರು. ಹಿಂದೆ ಓಡಿಹೋಗಿ ಕಾಲು ಹಿಡಿಯಬೇಕಿತ್ತು. ಕೀಲಿ ಎತ್ತಿ ಡ್ರಾಯರಿನಲ್ಲಿ ಹಾಕಿಕೊಂಡೆ. ಆಮೇಲೆ ಎಷ್ಟು ಸಲ ಹಿರಿಯೂರು ದಾಟಿ ಹೋಗಿದ್ದೇನೆ. ಒಂದು ಸಲವೂ ಇಳಿಯಲಿಲ್ಲ. ಹೋಗಿ ಏನೆನ್ನಲಿ? ನೋಡಿದರೆ ಆ ನೋಟವೇ ನೆನಪಾಗುತ್ತದೆ ಎಂದು ಅಂಜಿದೆ. ಹೀಗೆ ಆರು ವರ್ಷ.

ನಾಗವೇಣಿ ಸುದ್ದಿ ಹೇಳಿದ ಮರುಭಾನುವಾರ ಹೋದೆ. ಹಿರಿಯೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದು, ಕೇಳುತ್ತಾ ಕೇಳುತ್ತಾ ಅವರ ಮನೆ ತಲುಪಿದಾಗ ಮಧ್ಯಾಹ್ನವಾಗಿತ್ತು. ಬಾಗಿಲು ತೆಗೆದವಳು ಮಗಳು. ಮೂವತ್ತರ ಹತ್ತಿರದವಳು, ಹಣೆ ತಾಯಿಯದೇ. ನಾನು ಕಾಲೇಜಿನ ಹೆಸರು ಹೇಳಿ ನನ್ನ ಹೆಸರು ಹೇಳಿದೆ. ಬೈದು ಬಾಗಿಲು ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು.

‘ಅಯ್ಯೋ, ನೀವೇನಾ ಮೇಡಂ? ಬರ್ರಿ ಬರ್ರಿ, ಒಳಗ್ ಬರ್ರಿ. ಕುಂತ್ಕಳ್ರಿ. ನಿಮ್ ಮಾತು ಎಷ್ಟ್ ಹೇಳ್ತಿದ್ಳು ನಮ್ಮವ್ವ!’

‘ಏನ್ ಹೇಳ್ತಿದ್ರು?’ ಎಂದೆ.

‘ಅದೇ, ಒಬ್ಬ ಹುಡ್ಗಿ ಪ್ರಾಜೆಕ್ಟು ನೀವು ಅಳಿಸ್ಬಿಟ್ಟಿದ್ರಂತಲ್ಲ. ಅಷ್ಟು ದೊಡ್ಡ ಓದು ಓದಿರೋರು, ತಾನಾಗೇ ಹೋಗಿ ಆ ಹುಡ್ಗಿ ಎದುರಿಗೆ ನಿಂತು ತಪ್ಪು ಒಪ್ಕಂಡ್ರು, ಅಂಥೋರನ್ನ ನಾನು ನೋಡೇ ಇಲ್ಲ ಅಂತಿದ್ಳು. ನಮ್ ಮಕ್ಕಳು ಏನಾದ್ರೂ ಮುಚ್ಚಿಟ್ರೆ ನಿಮ್ಮನ್ನೇ ಹೇಳೋಳು ನೋಡ್ರಿ. ಆ ಮೇಡಂ ಹಂಗೆ ಇರ್ಬೇಕು ಅಂತ.’

ತಾನಾಗೇ! ಆ ಮುಕ್ಕಾಲು ಗಂಟೆಯಲ್ಲಿ ಐದು ನಿಮಿಷ ನಾನು ಕೂಗಾಡಿದ್ದನ್ನು ಅವರು ಮನೆಗೆ ತಂದಿರಲಿಲ್ಲ. ಪ್ರಿನ್ಸಿಪಾಲರ ಕೋಣೆಯನ್ನಂತೂ ತಂದೇ ಇರಲಿಲ್ಲ. ಆ ಮನೆಯಲ್ಲಿ ಆರು ವರ್ಷದಿಂದ ನಾನು ಒಳ್ಳೆಯವಳಾಗಿದ್ದೆ. ಸುಮ್ಮನಿದ್ದರೆ ಹಾಗೇ ಉಳಿಯಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ, ನೋಡಿ ಕಾಯುವವರೂ ಇರಲಿಲ್ಲ. ಮಗಳು ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟು, ‘ಊಟ ಮಾಡ್ಕಂಡೇ ಹೋಗ್ಬೇಕು ನೀವು’ ಎಂದಳು.

‘ನಿಮ್ಮಮ್ಮ ಕಾಲೇಜು ಯಾಕೆ ಬಿಟ್ರು ಅಂತ ಹೇಳಿದ್ರಾ?’ ಎಂದೆ.

‘ಸಾಕಾಗಿತ್ತಂತೆ ಮೇಡಂ. ಮಂಡಿ ನೋವು ಬ್ಯಾರೆ ಇತ್ತಲ್ಲ. ತಾನೇ ಬಿಟ್ಟೆ ಅಂದ್ಳು.’

‘ಇಲ್ಲ ಕಣವ್ವ’ ಎಂದೆ. ‘ಅವರು ಬಿಡಲಿಲ್ಲ. ಬಿಡಿಸಿದ್ದು ನಾನು.’

ಒಳಗೆ ಕುಕ್ಕರ್ ಕೂಗಿತು. ಮಗಳು ಏಳಲಿಲ್ಲ. ಅದು ಇನ್ನೆರಡು ಸಲ ಕೂಗಿತು, ಆಗಲೂ ಏಳಲಿಲ್ಲ. ನಾನು ಆ ಗುಂಡುಪಿನ್ನಿನಿಂದ ಶುರು ಮಾಡಿ ಎಲ್ಲ ಹೇಳಿದೆ.